ಎರಡೆಲೆಯದನ್ನು ಎಣಿಸುವುದಿಲ್ಲ

ಬೂಟಿನ ಲೇಸು ಬಿಚ್ಚಿದೆ ಎಂಬ ನೆಪ ಮಾಡಿಕೊಂಡು ಅವನು ಬಗ್ಗಿದ. ಬಿಚ್ಚಿರಲಿಲ್ಲ. ಬೆಳಿಗ್ಗೆ ಮನೆಯಲ್ಲೇ ಗಂಟಿನ ಮೇಲೆ ಗಂಟು ಹಾಕಿಕೊಂಡು ಬಂದಿದ್ದ. ಬಗ್ಗಿದವನಿಗೆ ತನ್ನ ಕಾಲುಗಳ ಸಂದಿಯಿಂದ ಕಾಡಿನಂಚಿಗೆ ಬಂದು ನಿಂತ ವ್ಯಾನು ತಲೆಕೆಳಗಾಗಿ ಕಂಡಿತು, ಅದರ ಬಾಗಿಲಿನಿಂದ ಕಾಡುನಡಿಗೆಗೆ ಬಂದವರ ಕಾಲುಗಳು ಒಂದೊಂದಾಗಿ ಇಳಿಯುವುದು ಕಂಡಿತು. ಎಲ್ಲರೂ ಇಳಿದಾಯಿತು ಅನ್ನುವ ಹೊತ್ತಿಗೆ, ಬೂದುಬಣ್ಣದ ಉಣ್ಣೆಯ ಕಾಲುಚೀಲವನ್ನು ಮೀನಖಂಡದವರೆಗೆ ಎಳೆದುಕೊಂಡ ಎರಡು ಕಾಲು ನೆಲ ಮುಟ್ಟಿದವು. ಬಂದಿದ್ದಾಳೆ. ಎದೆ ಧಸಕ್ಕೆಂದದ್ದು ಸಂತೋಷಕ್ಕೋ ಭಯಕ್ಕೋ ಅವನಿಗೆ ತಿಳಿಯಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ, ತಲೆ ಅರ್ಧ ನೆರೆತ ಮನುಷ್ಯ, ಸ್ವಂತ ಹೆಂಡತಿಯನ್ನು ಸ್ವಂತ ಕಾಲುಗಳ ನಡುವಿನಿಂದ ಕದ್ದು ನೋಡುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯಾಯಿತು. ನೆತ್ತರು ಮುಖಕ್ಕಿಳಿದು ಕಣ್ಣು ಕತ್ತಲಿಟ್ಟ ಮೇಲೆಯೇ ಅವನು ಎದ್ದು ನಿಂತ. ಅಷ್ಟು ಹೊತ್ತಿಗೆ ಅವಳು ಅಕ್ಕನ ಬೆನ್ನ ಹಿಂದೆ ಸೇರಿಕೊಂಡಿದ್ದಳು.

ಹೋದ ವರ್ಷ ಇದೇ ಎಲೆಯುದುರುವ ಕಾಲದಲ್ಲಿ, ಇದೇ ಕಾಡಿನಿಂದ ಮನೆಗೂ ಬಾರದೆ ನೇರವಾಗಿ ಅಕ್ಕನ ಮನೆಗೆ ಹೋದವಳು. ಹೋಗುವಾಗ ‘ಬರ್ತೀನಿ’ ಅಂದಿದ್ದಳು. ಹೋಗುವವರೆಲ್ಲ ಹೇಳುವ ಮಾತು ಅದು, ಬಾಗಿಲಲ್ಲಿ ನಿಂತ ಹಾಲಿನವನೂ ಹೇಳುತ್ತಾನೆ. ಇವನು ಮಾತ್ರ ಆ ಮಾತನ್ನು ಕೈಸಾಲದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡು, ಬಚ್ಚಲಿನ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದ ಅವಳ ಟವೆಲನ್ನು ತೆಗೆಯದೆ ವರ್ಷ ಕಳೆದ. ಮೊನ್ನೆ ಅವಳ ಅಕ್ಕ ಫೋನು ಮಾಡಿ, “ಈ ಸಲ ನಡಿಗೆಗೆ ಅವಳೂ ಬರ್ತಾಳಂತೆ. ಚೌಕ ನೋಡ್ಬೇಕಂತೆ. ನೀವಾಗಿ ಏನೂ ಮಾತು ತೆಗೀಬೇಡಿ,” ಅಂದಾಗ ಅವನು ಆಯಿತು ಅತ್ತಿಗೆ, ಆಯಿತು ಎಂದು ಶಾಲೆಯ ಮಕ್ಕಳ ಹಾಗೆ ಎರಡೆರಡು ಸಲ ಹೇಳಿ, ಫೋನು ಇಟ್ಟವನೇ ಪರದೆಗಳನ್ನು ಕಿತ್ತು ಒಗೆಯಲು ಹಾಕಿದ. ಯಾವಾಗಲೋ ಮುರಿದಿದ್ದ ಫ್ರಿಜ್ಜಿನ ಹಿಡಿ, ಸರಿ ಮಾಡಿಸಿ ಸರಿ ಮಾಡಿಸಿ ಎಂದು ಅವಳ ಬಾಯಿ ಸವೆದ ಹಿಡಿ, ಅದನ್ನೂ ಹೊಸದಾಗಿ ಹಾಕಿಸಿದ. ಚೌಕವೆಂದರೆ ಕಾಡಿನೊಳಗೆ ಅವರಿಬ್ಬರೂ ವರ್ಷಕ್ಕೊಮ್ಮೆ ಗಿಡ ಎಣಿಸುತ್ತಿದ್ದ ಜಾಗ; ಅದನ್ನು ನೋಡಬೇಕು ಅಂದರೆ ಇನ್ನೇನರ್ಥ? ಅಲ್ಲಿ ಬಿಟ್ಟುಹೋದದ್ದನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾಳೆ, ಸಂಜೆ ಜೊತೆಯಲ್ಲಿ ಮನೆಗೆ ಬರುತ್ತಾಳೆ. ಇಷ್ಟನ್ನು ಅವನು ನಂಬಿದ್ದ. ಮನೆ ಬಿಡುವಾಗ ಎರಡು ಲೋಟ ತೊಳೆದು ಮಗುಚಿಟ್ಟು ಬಂದಿದ್ದ.

ದಾರಿ ಮೊದಲು ಗುಡ್ಡದ ಬಿಸಿಲು ಬೀಳುವ ಮೈ ಹಿಡಿದು ಏರುತ್ತದೆ. ಅಲ್ಲಿ ಮಣ್ಣು ತೆಳು, ಬಂಡೆ ಬೋಳು, ಬಂಡೆಯ ಮೇಲೆ ಬೂದಿ ಎರಚಿದಂತೆ ಕಲ್ಲುಹೂವು. ಸೂಜಿಯೆಲೆಯ ಪೈನ್ ಮರಗಳು ಬಿಟ್ಟರೆ ಬೇರೆ ಯಾವ ಮರಕ್ಕೂ ಆ ಒಣನೆಲ ಹಿಡಿಸುವುದಿಲ್ಲ. ಗುಡ್ಡದ ನೆತ್ತಿಯ ಏಣು ದಾಟಿ ಆಚೆ ಇಳಿದರೆ ಎಲ್ಲ ಬದಲು. ನೆರಳಿನ ಮೈ, ಕಾಲಿಟ್ಟಲ್ಲಿ ಪಾಚಿ, ಜರೀಗಿಡಗಳು, ಓಕ್ ಮತ್ತು ಮೇಪಲ್ ಮರಗಳು ಈಗ ಹಳದಿ ಕೆಂಪು ಸುರಿಸುತ್ತ ನಿಂತಿರುತ್ತವೆ. ‘ಒಂದೇ ಗುಡ್ಡ, ಎರಡು ಕಾಡು’ ಎಂದು ಅವನು ಪ್ರತಿ ವರ್ಷ ಈ ಏಣಿನ ಮೇಲೆ ನಿಂತು ಹೇಳುತ್ತಾನೆ. ಇವತ್ತೂ ಹೇಳಿದ. ಹೇಳುವಾಗ ತನ್ನ ದನಿ ತನಗೇ ಕೇಳಿಸಿತು, ಸರ್ವಜ್ಞನಂತೆ ಗಂಟಲು ಕೆರೆದು ಶುರುಮಾಡುವ ಆ ದನಿ, ಮತ್ತು ಗುಂಪಿನ ಕೊನೆಯಲ್ಲಿ ಬೇರೆ ದಿಕ್ಕಿಗೆ ತಿರುಗಿ ನಿಂತಿದ್ದ ಅವಳ ಬೆನ್ನಿಗೂ ಅದು ಕೇಳಿಸುತ್ತಿದೆ ಅನಿಸಿ ವಾಕ್ಯದ ನಡುವೆ ತಡವರಿಸಿದ. ನಿವೃತ್ತರಾದ ಹಲ್ಲಿನ ಡಾಕ್ಟರು ಅವನ ನೆರವಿಗೆ ಬಂದರು. ಜೀವಮಾನವೆಲ್ಲ ಬೇರೆಯವರ ಬಾಯಿ ತೆರೆಸಿದವರಿಗೆ ಈಗ ಸ್ವಂತ ಬಾಯಿ ಮುಚ್ಚುವುದು ಕಷ್ಟ. “ಎಲೆನ ಗಾಳಿ ಕೀಳುತ್ತೆ ಅಂದ್ಕೋಬೇಡಿ ಮತ್ತೆ,” ಎಂದು ಅವರು ಹೊಸಬರಿಗೆ ಕಳೆದ ಸಲದ ಪಾಠ ಒಪ್ಪಿಸಿದರು, “ಮರಾನೇ ತೊಟ್ಟಿನ ಬುಡದಲ್ಲಿ ಗೋಡೆ ಕಟ್ಕೊಂಡು ಬಿಡುತ್ತೆ, ಎಷ್ಟೋ ದಿನ ಮೊದಲೇ. ಗಾಳಿ ಬರೋದು ಸುಮ್ನೆ ನೆಪಕ್ಕೆ. ಅಲ್ವಾ ಮೇಷ್ಟ್ರೇ?” ಹೌದು ಎಂದ. ಅದು ಅವನೇ ಹೇಳಿದ ಮಾತು. ಎಷ್ಟು ದಿನ ಮೊದಲು ಎಂದು ಯಾರೂ ಕೇಳಲಿಲ್ಲ.

ಇಳಿಜಾರಿನಲ್ಲಿ ಅವನು ನೆಲಕ್ಕೆ ಬಿದ್ದಿದ್ದ ಮೇಪಲ್ ಕೊಂಬೆಯೊಂದನ್ನು ಎತ್ತಿ ಕಾಂಡದ ಮೇಲಿನ ಗೀರುಗಳನ್ನು ತೋರಿಸಿದ. ಚಳಿಗಾಲದಲ್ಲಿ ತುದಿಯ ಮೊಗ್ಗು ಮುಚ್ಚಿಕೊಂಡು ಮಲಗಿರುತ್ತದೆ, ವಸಂತಕ್ಕೆ ಬಿಚ್ಚಿಕೊಂಡಾಗ ಅದರ ಹೊದಿಕೆ ಉದುರಿದ ಜಾಗದಲ್ಲಿ ಉಂಗುರದಂಥ ಗೀರು ಉಳಿಯುತ್ತದೆ. ಎಷ್ಟು ಗೀರೋ ಅಷ್ಟು ಚಳಿಗಾಲ ದಾಟಿದ ಹಾಗೆ. ಕಣ್ಣಿಗಿಂತ ಉಗುರಿಗೆ ಚೆನ್ನಾಗಿ ಸಿಗುತ್ತದೆ, ಹೀಗೆ, ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆಯಿರಿ, ತಡೆಯುತ್ತದಲ್ಲ, ಅದೇ. ಎಷ್ಟೋ ವರ್ಷದ ಹಿಂದೆ ಅವಳಿಗೂ ಹೀಗೇ ತೋರಿಸಿದ್ದ. ಆಗಿನ್ನೂ ಅವಳು ಕಾಲೇಜಿನ ಲ್ಯಾಬಿನಲ್ಲಿ ಒಣಗಿಡಗಳನ್ನು ರಟ್ಟಿಗೆ ಅಂಟಿಸುವ ಕೆಲಸಕ್ಕೆ ಹೊಸದಾಗಿ ಬಂದವಳು, ಕಾಡಿಗೆ ಮೊದಲ ಸಲ ಬಂದವಳು, ಗೀರು ಸಿಗದೆ ಮತ್ತೆ ಮತ್ತೆ ಎಳೆಯುತ್ತಿದ್ದಾಗ ಅವನು ಅವಳ ಹೆಬ್ಬೆರಳು ಹಿಡಿದು ಕಡ್ಡಿಯ ಮೇಲೆ ಎಳೆದಿದ್ದ. “ಸಿಕ್ತು,” ಅಂದಿದ್ದಳು, “ಇದಕ್ಕೆ ಐದು ವರ್ಷ,” ಅಂದಿದ್ದಳು, ಮತ್ತು ಅವನು ಬೆರಳು ಬಿಡದೆ, “ಆರು. ಬುಡದ್ದನ್ನ ನೀನು ಬಿಟ್ಟೆ,” ಎಂದು ತಿದ್ದಿದ್ದ. ಪ್ರೀತಿಯ ಮೊದಲ ದಿನವೂ ತಿದ್ದಿದ್ದ. ಆಗ ಅವಳು ನಕ್ಕಿದ್ದಳು. ಈಗ ಕೊಂಬೆ ಹೊಸಬರ ಕೈಯಿಂದ ಕೈಗೆ ಹೋಗಿ, ಅತ್ತಿಗೆಯ ಕೈಗೆ ಬಂತು. ಅತ್ತಿಗೆ ಅದನ್ನು ತಂಗಿಯ ಕಡೆ ನೀಡಿದರು. ಅವಳು ಕೈಗಳನ್ನು ಕೋಟಿನ ಜೇಬಿನಿಂದ ತೆಗೆಯಲಿಲ್ಲ.

ಹಳ್ಳದ ದಂಡೆಯಲ್ಲಿ ಒದ್ದೆ ಎಲೆ ಕೊಳೆಯುವ ವಾಸನೆ, ಬಿದ್ದ ಮರದ ಬೆನ್ನ ಮೇಲೆ ಸಾಲಾಗಿ ಅಣಬೆ. ಹೊಸಬರಲ್ಲೊಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, “ಅಯ್ಯೋ ಪಾಪ, ಈ ಚಳಿಲಿ ಇದೊಂದು ಹುಟ್ಟಿದೆಯಲ್ಲ,” ಅಂದಳು. ಬೆರಳುದ್ದದ ಬಿಳಿಚಿದ ಕಾಂಡ, ಅದರ ತುದಿಗೆ ಎದುರುಬದುರಾಗಿ ಎರಡು ಉದ್ದನೆ ಎಲೆ. ಹಿಂದಿನ ವಾರದ ಮಳೆಗೆ ಮೋಸಹೋಗಿ ಕಾಲವಲ್ಲದ ಕಾಲದಲ್ಲಿ ಮೊಳೆತದ್ದು. “ಅವು ನಿಜವಾದ ಎಲೆ ಅಲ್ಲ,” ಎಂದು ಅವನು ಬಾಯಿಪಾಠದ ಓಘದಲ್ಲಿ ಶುರುಮಾಡಿಬಿಟ್ಟ, “ಬೀಜದೊಳಗೇ ಮಡಚಿಕೊಂಡಿದ್ದು ಹೊರಗೆ ಬರೋ ಎಲೆ. ಅದರ ನಡುವಿಂದ ಮರದ ಎಲೆ ಬಂದ ಮೇಲೆ ಗಿಡ ಅಂತ ಲೆಕ್ಕ. ಅಲ್ಲೀವರೆಗೆ ಅದನ್ನ ನಾವು...” ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. “ಎಣಿಸಲ್ಲ,” ಎಂದು ಡಾಕ್ಟರು ಮುಗಿಸಿಕೊಟ್ಟರು. “ಎರಡೆಲೆಯದನ್ನ ಎಣಿಸೋದಿಲ್ಲ. ಬಹಳಷ್ಟು ಚಳಿಗಾಲ ದಾಟೋದೇ ಇಲ್ಲ, ಸುಮ್ನೆ ಲೆಕ್ಕ ಉಬ್ಬುತ್ತೆ.” ಅವನು ಯಾರ ಮುಖವನ್ನೂ ನೋಡಲಿಲ್ಲ. ಆಸ್ಪತ್ರೆಯ ಹಸಿರು ಪರದೆ, ಫಿನಾಯಿಲು ವಾಸನೆ, ಕಾಲು ಕುಂಟುತ್ತಿದ್ದ ಸ್ಟೂಲು. ಮದುವೆಯಾಗಿ ಬಹಳ ವರ್ಷದ ಮೇಲೆ ನಿಂತ ಬಸಿರು, ಇನ್ನೂ ಯಾರಿಗೂ ಹೇಳಿರಲಿಲ್ಲ, ಹೊಟ್ಟೆ ಕಾಣುವ ಮೊದಲೇ ಹೋಯಿತು. ಡಾಕ್ಟರಮ್ಮ ಹೀಗೆ ಆಗುವುದುಂಟು ಎಂದು ಹೇಳಿ ಹೋದ ಮೇಲೆ ಇಬ್ಬರೇ ಉಳಿದಿದ್ದರು. ಏನಾದರೂ ಹೇಳಬೇಕಿತ್ತು. ಅವನಿಗೆ ಗೊತ್ತಿದ್ದ ಭಾಷೆ ಒಂದೇ. ಅವಳ ಕೈ ಹಿಡಿದುಕೊಂಡು, ಸಾಂತ್ವನ ಹೇಳುತ್ತಿದ್ದೇನೆ ಎಂದೇ ನಂಬಿಕೊಂಡು, “ಮನಸ್ಸಿಗೆ ಹಚ್ಕೋಬೇಡ. ಎರಡೆಲೆಯ ಹಂತ ಅದು. ಇನ್ನೂ ಲೆಕ್ಕಕ್ಕೇ ಬಂದಿರ್ಲಿಲ್ಲ,” ಅಂದ. ಅವಳು ಗೋಡೆಯ ಕಡೆ ತಿರುಗಿ, ಸೂಜಿ ಚುಚ್ಚಿದ್ದ ಕೈಮೇಲಿನ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತ, “ಎಷ್ಟೊತ್ತಿಗೆ ಮನೆಗೆ ಬಿಡ್ತಾರಂತೆ?” ಎಂದು ಕೇಳಿದಳು. ಸಮಾಧಾನವಾಯಿತು ಅಂದುಕೊಂಡು ಅವನು ಕ್ಯಾಂಟೀನಿಗೆ ಹೋಗಿ ಇಬ್ಬರಿಗೂ ಚಹಾ ತಗೊಂಡು, ಮೇಲೆ ತರುವಷ್ಟರಲ್ಲಿ ಆರುತ್ತದೆಂದು ಅವಳದನ್ನೂ ತಾನೇ ಕುಡಿದುಬಿಟ್ಟ.

ಅವನಿಗೆ ಅಳು ಬರಲಿಲ್ಲವೆಂದಲ್ಲ. ಆ ಎರಡನೆಯ ಲೋಟ ಕುಡಿಯುವಾಗ ಮೂಗಿನಿಂದ ಚಹಾ ಬಂದು, ಎದುರು ಕೂತಿದ್ದವರು ಬೆನ್ನು ತಟ್ಟಿದ್ದರು. ಅದನ್ನು ಅವಳಿಗೆ ಹೇಳಬಹುದಿತ್ತು. ಇಂಥ ಮಾತು ಹೇಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಅವರಿಬ್ಬರ ನಡುವೆ ಮಾತು ಸಲೀಸಾಗಿ ಹರಿಯುತ್ತಿದ್ದದ್ದು ಚೌಕದಲ್ಲಿ ಮಾತ್ರ. ಕಾಡಿನ ನಡುವೆ ನಾಲ್ಕು ಕಬ್ಬಿಣದ ಗೂಟ ಹೊಡೆದು ಹಗ್ಗ ಬಿಗಿದ ಜಾಗ; ಪ್ರತಿ ವರ್ಷ ಈ ಕಾಲಕ್ಕೆ ಬಂದು ಅದರೊಳಗಿನ ಗಿಡಗಳನ್ನು ಎಣಿಸಬೇಕು. ಒಬ್ಬರು ಮಂಡಿಯೂರಿ ಗಿಡ ಮುಟ್ಟಿ ಹೆಸರು ಕೂಗುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳುತ್ತಾರೆ. ತಿರುಗಿ ಹೇಳಿದ್ದು ಕೇಳುವವರೆಗೆ ಮುಂದಿನ ಗಿಡಕ್ಕೆ ಕೈ ಹಾಕುವ ಹಾಗಿಲ್ಲ. ಓಕ್, ಮೊಳದುದ್ದ, ಎರಡು. ಓಕ್, ಮೊಳದುದ್ದ, ಎರಡು. ಅವನ ಬೆನ್ನಿಗೆ ಅವಳ ದನಿ ಬೀಳುತ್ತಿತ್ತು, ತೂಕ ಕಡಿಮೆಯಿಲ್ಲದೆ, ಹೆಚ್ಚಿಲ್ಲದೆ, ಗಂಟೆಗಟ್ಟಲೆ. ಅವನಿಗೆ ಅದಕ್ಕಿಂತ ಹೆಚ್ಚಿನ ಸಂಸಾರ ಬೇಕೆನಿಸಿರಲಿಲ್ಲ. ಅವಳಿಗೆ ಬೇಕಿತ್ತೇನೋ ಎಂದು ಕೇಳುವುದಕ್ಕೂ ತೋಚಿರಲಿಲ್ಲ.

ಹೋದ ವರ್ಷ, ಆಸ್ಪತ್ರೆಯಿಂದ ಬಂದು ಕೆಲವು ತಿಂಗಳಾಗಿತ್ತು, ಕೆಳಗಿನ ಮೂಲೆಯಲ್ಲಿ ಅವನು ಕೂಗುತ್ತಿದ್ದ. ಮೇಪಲ್, ಗೇಣುದ್ದ, ಒಂದು. ಅವಳು ಹೇಳಿದಳು. ಅದರ ಪಕ್ಕದಲ್ಲೇ, ಗೂಟದ ಬುಡದಲ್ಲಿ ಎರಡೆಲೆಯದೊಂದು ನಿಂತಿತ್ತು. ಅವನು ಅದನ್ನು ದಾಟಿ ಕೈ ಮುಂದೆ ಹಾಕಿದ. ಆಗ, ಅವನು ಕೂಗದೆಯೇ, ಬೆನ್ನ ಹಿಂದಿನಿಂದ, “ಮೇಪಲ್, ಎರಡೆಲೆ, ಒಂದು,” ಎಂದಿತು ದನಿ. ಅವನು ತಿರುಗದೆ, “ಬಿಡು, ಅದು ಲೆಕ್ಕಕ್ಕಿಲ್ಲ,” ಅಂದ. “ಇದೆಯಲ್ಲ,” ಅಂದಳು ಅವಳು. ಎಲ್ಲರೂ ಇದ್ದರು. ಹೊಸದಾಗಿ ಸೇರಿದ್ದ ಡಾಕ್ಟರು ಇದ್ದರು. ಅವನಿಗೆ ರೇಗಿತು, ಇಷ್ಟು ವರ್ಷದ ಮೇಲೆ ಹೀಗೊಂದು ತಪ್ಪೇ ಎಂದು, ಮೇಷ್ಟರ ದನಿಯಲ್ಲಿ, “ನಾನು ಕೂಗಿದ್ದನ್ನಷ್ಟೇ ಹೇಳು. ನಿನ್ನ ಕೆಲಸ ಅದು,” ಅಂದ. ಯಾರೋ ನಕ್ಕರು, ತಮಾಷೆ ಅಂದುಕೊಂಡು. ಅವನು ತಿರುಗಿದಾಗ, ಹಾಳೆ ಸಿಕ್ಕಿಸಿದ ರಟ್ಟನ್ನು ಎಲೆಗಳ ಮೇಲಿಟ್ಟು, ಪೆನ್ನನ್ನು ಅದರ ಮೇಲೆ ನೆಟ್ಟಗಿಟ್ಟು ಅವಳು ಎದ್ದಿದ್ದಳು. “ಬರ್ತೀನಿ,” ಅಂದಳು. ಎಣಿಕೆ ನಡುವೆ ನಿಲ್ಲಿಸುವ ಹಾಗಿರಲಿಲ್ಲ. ಡಾಕ್ಟರು ರಟ್ಟು ಎತ್ತಿಕೊಂಡರು, ಅವನು ಮುಂದಿನ ಗಿಡ ಕೂಗಿದ. ಹೌದು, ಕೂಗಿದ. ಆಸ್ಪತ್ರೆಯ ಮಾತನ್ನೂ ಆ ಮೂಲೆಯ ಗಿಡವನ್ನೂ ಜೋಡಿಸಿ ನೋಡುವುದಕ್ಕೆ ಅವನಿಗೆ, ಅಷ್ಟು ಓದಿದವನಿಗೆ, ಅತ್ತಿಗೆ ಬಂದು ಅವಳ ಚಳಿಬಟ್ಟೆಗಳನ್ನು ಮಡಚುತ್ತ ಬಾಯಿಬಿಟ್ಟು ಹೇಳಬೇಕಾಯಿತು.

ಚೌಕ ಬಂತು. ಹಗ್ಗ ಬಿಗಿದದ್ದಾಯಿತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದ ಮಾತನ್ನು ಅವನು ಹೇಳಿಯೇಬಿಟ್ಟ. ರಟ್ಟನ್ನು ಅವಳ ಕಡೆ ನೀಡಿ, “ನೀನು ಬರ್ಕೋತೀಯಾ?” ಎಂದ. ಒಂದು ವರ್ಷದಲ್ಲಿ ಆಡಿದ ಮೊದಲ ಮಾತು. ಅವಳು ಮುಖವೆತ್ತಿ ನೋಡಿದಳು. ಕಣ್ಣಿನ ಸುತ್ತ ಸಣ್ಣಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. “ಬೇಡ, ಡಾಕ್ಟರು ಚೆನ್ನಾಗಿ ಹೇಳ್ತಾರೆ,” ಅಂದಳು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಅಕ್ಕನ ಪಕ್ಕ ಬಿದ್ದ ಮರದ ಮೇಲೆ ಹೋಗಿ ಕೂತಳು, ಅವನು ರಟ್ಟು ನೀಡಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಡಾಕ್ಟರ ಕಡೆ ತಿರುಗಿಸಿದ.

ಕೂಗಿದ. ಓಕ್, ಮಂಡಿಯೆತ್ತರ, ಒಂದು. “ಓಕ್, ಮಂಡಿಯೆತ್ತರ, ಒಂದು. ನಿಮ್ಮ ಮಂಡಿನಾ ನನ್ನ ಮಂಡಿನಾ ಮೇಷ್ಟ್ರೇ?” ಎಲ್ಲರೂ ನಕ್ಕರು. ಒದ್ದೆ ಅವನ ಪ್ಯಾಂಟಿನೊಳಗೆ ಇಳಿದು ಮಂಡಿ ಮರಗಟ್ಟುತ್ತಿತ್ತು. ಬೆನ್ನು ಮಾತ್ರ ಎಚ್ಚರವಾಗಿತ್ತು, ಅಲ್ಲಿ ಬೀಳಬೇಕಾದ ದನಿಗಾಗಿ ಕಾಯುತ್ತಿತ್ತು. ಡಾಕ್ಟರ ಉತ್ಸಾಹದ ಗಂಟಲು ಬಿದ್ದಾಗಲೆಲ್ಲ ಸಣ್ಣಗೆ ಕುಗ್ಗುತ್ತಿತ್ತು. ಕೆಳಗಿನ ಮೂಲೆಗೆ ಬಂದ. ಮೇಪಲ್, ಗೇಣುದ್ದ, ಒಂದು, ಎಂದು ಹೋದ ವರ್ಷದ ಆ ಗಿಡವನ್ನೇ ಮುಟ್ಟಿ ಕೂಗಿದ. ನೆರಳಿನಲ್ಲಿದ್ದದ್ದರಿಂದ ಅದು ಹೆಚ್ಚೇನೂ ಬೆಳೆದಿರಲಿಲ್ಲ. ಡಾಕ್ಟರು ಹೇಳಿದರು, ಬರೆದುಕೊಂಡರು. ಆಗ ಹಿಂದೆ ಎಲೆಗಳ ಮೇಲೆ ಹೆಜ್ಜೆ ಕೇಳಿಸಿತು, ಬೂದು ಕಾಲುಚೀಲ ಹಗ್ಗದ ಅಂಚಿಗೆ ಬಂದು ನಿಂತಿತು, ಮತ್ತು ಅವಳು ಅವನ ಪಕ್ಕದಲ್ಲಿ, ಹಗ್ಗದ ಆಚೆ, ಕುಕ್ಕರಗಾಲಲ್ಲಿ ಕೂತಳು. ಅವಳ ಕೋಟಿನಿಂದ ಬೇರೆ ಮನೆಯ ಸೋಪಿನ ವಾಸನೆ ಬಂತು.

“ಅದೆಲ್ಲಿ?” ಎಂದು ಮೆಲ್ಲಗೆ ಕೇಳಿದಳು.

“ಯಾವುದು?” ಅಂದ. ಅನ್ನುವಾಗಲೇ ಗೊತ್ತಾಗಿತ್ತು.

“ಹೋದ ವರ್ಷದ್ದು. ಗೂಟದ ಹತ್ರ ಇತ್ತಲ್ಲ, ಅದು. ಇದೆಯಾ ನೋಡೋಣ ಅಂತ ಬಂದೆ.”

ಅದಕ್ಕೆ ಬಂದದ್ದು. ಪರದೆ, ಫ್ರಿಜ್ಜಿನ ಹಿಡಿ, ಮಗುಚಿಟ್ಟ ಎರಡು ಲೋಟ ಎಲ್ಲ ಒಮ್ಮೆಗೇ ಅವನ ಕಣ್ಣಮುಂದೆ ಬಂದವು. ಗೂಟದ ಬುಡದಲ್ಲಿ ಎಲೆ ರಾಶಿ ಬಿದ್ದಿತ್ತು. ಅವನು ಒಂದೊಂದೇ ಎಲೆ ಎತ್ತಿ ಪಕ್ಕಕ್ಕಿಟ್ಟ. ಕೆಂಪು, ಹಳದಿ, ಕೆಳಗೆ ಹೋದ ಹಾಗೆ ಕಪ್ಪು, ಅದರ ಕೆಳಗೆ ಬಿಳಿ ಬೂಷ್ಟು ಹಿಡಿದ ಹುಡಿ, ಅದರ ಕೆಳಗೆ ಮಣ್ಣು. ಬೇರಿನ ಎಳೆಯೊಂದು ಸಿಕ್ಕರೂ ಸಾಕಿತ್ತು. ಏನೂ ಇರಲಿಲ್ಲ. ಅವನು ಹೇಳುತ್ತ ಬಂದದ್ದೇ ಸರಿಯಾಗಿತ್ತು. ಅವು ಉಳಿಯುವುದಿಲ್ಲ, ಅದಕ್ಕೇ ಎಣಿಸುವುದಿಲ್ಲ. ಇಷ್ಟು ವರ್ಷ ಸರಿಯಾಗಿಯೇ ಇದ್ದವನಿಗೆ ಈಗ ಒಂದೇ ಒಂದು ಸಲ ತಾನು ತಪ್ಪಾಗಿರಬಾರದಿತ್ತೇ ಅನಿಸಿತು. ಪಕ್ಕದಲ್ಲಿ ಅವಳು ಉಸಿರು ಹಿಡಿದು ಆ ಖಾಲಿ ಮಣ್ಣನ್ನೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿದ ಮುಖ ಹೇಗಿದ್ದಿರಬಹುದು ಎಂದು ಅವನು ನೋಡಿರಲಿಲ್ಲ. ಹೀಗಿತ್ತು.

“ಇಲ್ಲಿದೆ,” ಅಂದ ಅವನು. ಕೈ ತಾನಾಗಿ ಸರಿದು, ಮೊಳದಾಚೆ ನಿಂತಿದ್ದ ಗೇಣುದ್ದದ ಮೇಪಲನ್ನು ಹಿಡಿದಿತ್ತು. “ಇದೇ ಅದು. ಬೆಳೆದಿದೆ ನೋಡು.”

ಬದುಕಿನಲ್ಲಿ ಅವನು ಗೊತ್ತಿದ್ದೂ ಒಂದು ಗಿಡವನ್ನು ಇನ್ನೊಂದು ಅಂದದ್ದು ಅದೇ ಮೊದಲು. ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗರ ಹಾಗೆ ಕಿವಿ ಬಿಸಿಯಾಯಿತು. ಅವಳು ಗಿಡವನ್ನು ನೋಡಿದಳು, ಗೂಟವನ್ನು ನೋಡಿದಳು. ಆಮೇಲೆ ಜೇಬಿನಿಂದ ಕೈ ತೆಗೆದು, ಹೆಬ್ಬೆರಳ ಉಗುರನ್ನು ಕಾಂಡದ ಬುಡಕ್ಕಿಟ್ಟು ಮೆಲ್ಲಗೆ ಮೇಲಕ್ಕೆ ಎಳೆದಳು. ಉಗುರು ತಡೆದು ನಿಂತಿತು. ಮುಂದೆ ಹೋಯಿತು, ಮತ್ತೆ ತಡೆಯಿತು. ಮತ್ತೂ ಒಂದು ಸಲ. ಬುಡದ್ದನ್ನೂ ಬಿಟ್ಟಿರಲಿಲ್ಲ. ಮೂರು ಚಳಿಗಾಲ ದಾಟಿದ ಗಿಡ. ಹೋದ ವರ್ಷ ಅವನು ಕೂಗಿದಾಗ ಅವಳೇ ತಿರುಗಿ ಹೇಳಿ, ಕೈಯಾರೆ ಬರೆದುಕೊಂಡ ಗಿಡ. ಅವನು ಕಣ್ಣು ಮುಚ್ಚಿಕೊಂಡು ಕಾದ. ತಿದ್ದಲಿ, ಎಲ್ಲರೆದುರಿಗೇ ತಿದ್ದಲಿ, ತನ್ನದೇ ದನಿಯಲ್ಲಿ ತನ್ನ ಮುಖಕ್ಕೆ ಹೊಡೆದ ಹಾಗೆ ತಿದ್ದಲಿ ಎಂದು ಕಾದ.

“ಮೇಪಲ್,” ಎಂದಿತು ಆ ದನಿ, ಹಳೆಯದೇ, ತೂಕ ಕಡಿಮೆಯಿಲ್ಲದೆ, ಹೆಚ್ಚಿಲ್ಲದೆ. “ಗೇಣುದ್ದ. ಒಂದು.”

ಅವನು ಕಣ್ಣು ತೆರೆಯುವ ಹೊತ್ತಿಗೆ ಅವಳು ಎದ್ದು ಕೋಟಿಗೆ ಮೆತ್ತಿದ್ದ ಎಲೆ ಕೊಡವುತ್ತಿದ್ದಳು. “ಅಕ್ಕ ಹೇಳಿದ್ಳು, ನನ್ನ ಟವೆಲ್ ಇನ್ನೂ ಮೊಳೆಯಲ್ಲೇ ಇದೆಯಂತೆ,” ಅಂದಳು. “ತೆಗೆದುಬಿಡಿ. ಬಚ್ಚಲ ಹಬೆಗೆ ಹಾಳಾಗುತ್ತೆ.” ಆಮೇಲೆ ಅವನ ಹೆಗಲ ಮೇಲೆ ಬಿದ್ದಿದ್ದ ಪೈನಿನ ಸೂಜಿಯೊಂದನ್ನು ಎರಡು ಬೆರಳಲ್ಲಿ ತೆಗೆದು ಹಾಕಿ, ಅಕ್ಕನ ಕಡೆ ನಡೆದಳು. ಇಬ್ಬರೂ ಹಳ್ಳದ ದಾರಿ ಹಿಡಿದು ಇಳಿದರು. ಇಳಿಜಾರಿನಲ್ಲಿ ಮೊದಲು ಕಾಲುಚೀಲ ಮರೆಯಾಯಿತು, ಆಮೇಲೆ ಕೋಟು, ಆಮೇಲೆ ಕತ್ತರಿಸಿದ ಕೂದಲು. ಎಲೆಗಳ ಸಪ್ಪಳ ಇನ್ನೂ ಸ್ವಲ್ಪ ಹೊತ್ತು ಇತ್ತು.

ಡಾಕ್ಟರು ರಟ್ಟು ಹಿಡಿದುಕೊಂಡು ಬಗ್ಗಿ ನೋಡಿದರು. ಅವರೂ ಏನನ್ನೋ ಗ್ರಹಿಸಿದ್ದರು, ದನಿ ತಗ್ಗಿಸಿದ್ದರು. “ಅವರು ಹೇಳಿದ್ರು ಅಂತ ಬರ್ಕೊಂಡುಬಿಟ್ಟೆ ಮೇಷ್ಟ್ರೇ. ಆದ್ರೆ ಆ ಗಿಡ ಆಗಲೇ ಬಂದಿತ್ತಲ್ಲ. ಎರಡು ಸಲ ಆಯ್ತು. ಒಂದನ್ನ ಹೊಡೆದು ಹಾಕ್ಲಾ?”

ಅವನು ಎತ್ತಿಟ್ಟಿದ್ದ ಎಲೆಗಳನ್ನು ಒಂದೊಂದಾಗಿ ಗೂಟದ ಬುಡಕ್ಕೆ ಹಾಕುತ್ತಿದ್ದ, ಕಪ್ಪು ಮೊದಲು, ಆಮೇಲೆ ಹಳದಿ, ಆಮೇಲೆ ಕೆಂಪು.

“ಬೇಡ,” ಅಂದ. “ಇರಲಿ ಬಿಡಿ.”